ಕೊಳೆಯ ಬೆನ್ನು ಹತ್ತಿದ ಕೋಲ್ಮನ್

ನೂರು ವರ್ಷಗಳ ಹಿಂದೆ ಸಿದ್ದಾಪುರದ ತೋಟಿಗನೂ ಸಾಗರದ ತೋಟಿಗನೂ ಬೇರೆ ಬೇರೆ ಸರ್ಕಾರಗಳ ಪ್ರಜೆಗಳು. ಸಿದ್ದಾಪುರ, ಶಿರಸಿ, ಯಲ್ಲಾಪುರಗಳು 1862ರಲ್ಲಿ ಮದರಾಸು ಪ್ರಾಂತ್ಯ ಬಿಟ್ಟು ಮುಂಬಯಿ ಪ್ರಾಂತ್ಯ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯವು. ಸಾಗರ, ಸೊರಬಗಳು ಮೈಸೂರು ಮಹಾರಾಜರವು. ಹೆಣ್ಣು ಕೊಟ್ಟು ತರುವುದು, ಅಡಿಕೆ ಸುಲಿಯುವುದು, ಯಕ್ಷಗಾನ ನೋಡುವುದು ಎಲ್ಲ ಎರಡೂ ಕಡೆ ಒಂದೇ ತೆರನಾಗಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ತೋಟದಲ್ಲಿ ತಪತಪನೆ ಎಳೆಯ ಅಡಿಕೆ ಉದುರುವುದೂ ಅಷ್ಟೇ. ಆದರೆ ಅದು ಯಾಕೆ ಉದುರುತ್ತದೆ ಎಂದು ಕಂಡುಹಿಡಿಯಲು ಒಬ್ಬ ವಿಜ್ಞಾನಿಯನ್ನು ನೇಮಿಸಿದ್ದು ಗಡಿಯ ಆಚೆಗಿನ ಮೈಸೂರು. ಕೆನಡಾದಿಂದ ಬಂದ ಆತನ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಹೀಗೆ ಎಳೆಯ ಅಡಿಕೆ ಉದುರಿಸುವ ಕೊಳೆರೋಗದ ಕಥೆಯನ್ನು ಹೇಳುವಾಗ ಸಾಮಾನ್ಯವಾಗಿ ಕೋಲ್ಮನ್‌ರಿಂದಲೇ ಶುರು ಮಾಡುತ್ತಾರೆ. ಅದು ಅರ್ಧ ಕಥೆ. ಉಳಿದರ್ಧ ಶಿರಸಿ ಸೀಮೆಯ ತೋಟಗಳಲ್ಲಿ ಅವರು ಹುಟ್ಟುವ ಮೊದಲೇ ನಡೆಯುತ್ತಿತ್ತು.

1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಸೋಂದೆ, ಶಿರಸಿಗಳ ದಾರಿಯಲ್ಲಿ ಹಾದುಹೋದಾಗ, ಕಣಿವೆಗಳಲ್ಲಿ ಅಡಿಕೆ, ಅದರ ಮೈಮೇಲೆ ಮೆಣಸಿನ ಬಳ್ಳಿ, ಬುಡದಲ್ಲಿ ಏಲಕ್ಕಿ ಹೀಗೆ ಒಂದೇ ನೆಲದಲ್ಲಿ ಬೆಳೆಯುವ ಹವ್ಯಕರ ತೋಟಗಾರಿಕೆಯನ್ನು ಕಂಡು ಬರೆದಿಟ್ಟ. ಆ ತೋಟಗಳು ಇರುವುದೇ ಗುಡ್ಡದ ಸಂದಿನಲ್ಲಿ. ಬೇಸಿಗೆಯಲ್ಲಿ ತಂಪು, ನೀರಿನ ಒರತೆ, ಗಾಳಿಯಿಂದ ರಕ್ಷಣೆ ಬೇಕೆಂದು ಹಿರಿಯರು ಅಲ್ಲಿ ತೋಟ ಮಾಡಿದರು. ಮಳೆಗಾಲದಲ್ಲಿ ಅದೇ ಜಾಗ ಕೊಳೆಗೆ ತವರು. ಬಿಸಿಲು ಬೀಳದು, ಗಾಳಿ ಆಡದು, ವಾರಗಟ್ಟಲೆ ಎಲೆಯ ತುದಿಯಿಂದ ಹನಿ ನಿಲ್ಲದು. ಮೊದಲು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಡುಹಸಿರು ಕಲೆ ಕಾಣಿಸುತ್ತದೆ. ಕಲೆ ಹರಡಿ ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬೆಳ್ಳಗಿನ ಬೂಷ್ಟು. ಒಂದು ಕೊನೆಗೆ, ಅಂದರೆ ಅಡಿಕೆ ಗೊನೆಗೆ, ರೋಗ ಬಂದರೆ ಅಕ್ಕಪಕ್ಕದ ಮರಕ್ಕೆ ಹೋಗಲು ನಾಲ್ಕು ದಿನ ಸಾಕು. ಮಳೆ ಉದ್ದಕ್ಕೆ ಎಳೆದರೆ ರೋಗ ಸುಳಿಗೂ ಇಳಿದು ಮರವೇ ಸಾಯುತ್ತದೆ. ಎಳೆಯದರಲ್ಲೇ ಬಿದ್ದ ಕಾಯಿ ಬೇಯಿಸಿ ಮಾಡುವ ರಾಶಿಗೂ ಬಾರದು, ಒಣಗಿಸಿ ಸುಲಿಯುವ ಚಾಲಿಗೂ ಬಾರದು.

ಇದಕ್ಕೆ ಈ ಸೀಮೆಯವರು ಕಂಡುಕೊಂಡ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಮಾಡಿದ ಟೊಪ್ಪಿಯಂಥ ಮುಚ್ಚಿಗೆಯನ್ನು ಮಳೆಗೆ ಮುಂಚೆ ಪ್ರತಿ ಕೊನೆಯ ಮೇಲೂ ಕಟ್ಟಬೇಕು. ಮರ ಹತ್ತುವವನು ಕೊನೆಗೌಡ. ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುವ ಅವನ ಕೈಚಳಕದ ಮೇಲೆ ಇಡೀ ವರ್ಷದ ಆದಾಯ ನಿಂತಿರುತ್ತಿತ್ತು. ಕೊಟ್ಟೆ ಕಟ್ಟಿದ ಕೊನೆ ಉಳಿಯುತ್ತದೆ, ಕಟ್ಟದ ಕೊನೆ ಉದುರುತ್ತದೆ ಎಂಬುದು ಕಣ್ಣಿಗೆ ಕಂಡ ಸತ್ಯ. ಅಂದರೆ ರೋಗಕ್ಕೂ ಕಾಯಿಯ ಮೇಲೆ ನಿಲ್ಲುವ ನೀರಿಗೂ ಸಂಬಂಧ ಇದೆ ಎಂದು ಆಗಲೇ ಗೊತ್ತಿತ್ತು. ಆ ನೀರಿನಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಗೊತ್ತಾಗಲು ಸೂಕ್ಷ್ಮದರ್ಶಕ ಬೇಕಿತ್ತು.

ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದರು. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಾಟಿಂಗನ್‌ಗೆ ಹೋದರು. ಅಲ್ಲಿ ಅವರು ಕೈ ಹಾಕಿದ್ದು ಸಸ್ಯರೋಗಕ್ಕಲ್ಲ, ಕೀಟಕ್ಕೂ ಅಲ್ಲ, ಮಣ್ಣಿನ ಬ್ಯಾಕ್ಟೀರಿಯಾಗಳಿಗೆ. ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವ ಕ್ರಿಯೆಯ ಬಗೆಗಿನ ಅವರ ದೀರ್ಘ ಪ್ರಬಂಧ 1908ರಲ್ಲಿ ಜರ್ಮನ್ ಭಾಷೆಯ ಬ್ಯಾಕ್ಟೀರಿಯಾ ವಿಜ್ಞಾನದ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಅಚ್ಚಾಯಿತು.

ಈ ವಿಷಯದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸಗಣಿ, ಸೊಪ್ಪು ಕೊಳೆತಾಗ ಮೊದಲು ಹುಟ್ಟುವುದು ಅಮೋನಿಯಾ. ಗಿಡಗಳು ಹೆಚ್ಚಾಗಿ ಬಳಸುವುದು ನೈಟ್ರೇಟನ್ನು. ನಡುವಿನ ಕೆಲಸ ಮಾಡುವವು ಜೀವಿಗಳು ಎಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿದರು. 1890ರ ಆಸುಪಾಸಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಾಜಿನ ಪಾತ್ರೆಯಲ್ಲಿ ಬೇರೆಯಾಗಿ ಬೆಳೆಸಿದ ಇವಕ್ಕೆ ಸಕ್ಕರೆಯಂಥ ಸಾವಯವ ವಸ್ತು ಕೊಟ್ಟರೆ ಕೆಲಸ ನಿಧಾನವಾಗುತ್ತದೆ ಎಂಬುದು ಆಗಿನ ಪಾಠ. ಕೋಲ್ಮನ್ ಪ್ರಯೋಗ ಮಾಡಿದ್ದು ಮಣ್ಣಿನಲ್ಲೇ. ಅಲ್ಲಿ ಅಲ್ಪ ಪ್ರಮಾಣದ ಗ್ಲೂಕೋಸ್ ನೈಟ್ರೇಟ್ ತಯಾರಿಯನ್ನು ತಡೆಯಲಿಲ್ಲ, ಹೆಚ್ಚಿಸಿತು. ಪಾತ್ರೆಯಲ್ಲಿ ಕಂಡದ್ದನ್ನು ಹೊಲಕ್ಕೆ ಹಾಗೆಯೇ ಒಯ್ಯಬಾರದು ಎಂಬ ಎಚ್ಚರ ಅವರಿಗೆ ಅಲ್ಲೇ ಬಂದಿರಬೇಕು. ಇದು ನನ್ನ ಊಹೆ. ಆದರೆ ಮುಂದೆ ಅವರು ಮಾಡಿದ ಕೆಲಸವನ್ನೆಲ್ಲ ನೋಡಿದರೆ ಊಹೆ ತೀರಾ ದೂರದ್ದಲ್ಲ ಅನಿಸುತ್ತದೆ.

ಸಿದ್ದಾಪುರ, ಶಿರಸಿ, ಯಲ್ಲಾಪುರ ಈ ಮೂರು ತಾಲೂಕುಗಳ ತೋಟಗಳು ಬದುಕಿರುವುದೂ ಅದೇ ಬ್ಯಾಕ್ಟೀರಿಯಾಗಳ ದುಡಿಮೆಯಿಂದ. ಬ್ರಿಟಿಷರ ಅರಣ್ಯ ವ್ಯವಸ್ಥೆಯಲ್ಲಿ ಇಲ್ಲಿನ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಸಿಕ್ಕಿತು. ಬೆಟ್ಟದಿಂದ ಹಸಿ ಸೊಪ್ಪು, ದರಕು (ಒಣ ಎಲೆ) ತಂದು ಕೊಟ್ಟಿಗೆಗೆ ಹಾಸಿ, ದನಗಳು ತುಳಿದು, ಸಗಣಿ ಗಂಜಲ ಬೆರೆತದ್ದನ್ನು ಗೊಬ್ಬರದ ಗುಂಡಿಗೆ ಎಳೆದು, ವರ್ಷ ಬಿಟ್ಟು ಮರದ ಬುಡಕ್ಕೆ ಹಾಕುತ್ತಾರೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಶಿರಸಿಯಲ್ಲಿ ಕ್ಷೇತ್ರ ಕೇಂದ್ರ ತೆರೆದು ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಈ ಬೆಟ್ಟಗಳ ಲೆಕ್ಕ ಹಿಡಿಯಲು ಹೊರಟಾಗ, ಕಾಡಿನ ಎಲೆ ತೋಟದ ಅಡಿಕೆಯಾಗುವ ಈ ಸರಪಳಿ ವಿಜ್ಞಾನದ ಕಣ್ಣಿಗೆ ಚೆನ್ನಾಗಿ ಬಿತ್ತು. ಕೋಲ್ಮನ್ ಇದೇ ವಿಷಯ ಹಿಡಿದು ಮಲೆನಾಡಿನಲ್ಲಿ ಮುಂದುವರಿದಿದ್ದರೆ ಏನಾಗುತ್ತಿತ್ತೋ. ಅವರನ್ನು ಕರೆದದ್ದು ಬೇರೆ ಕೆಲಸಕ್ಕೆ.

1908ರಲ್ಲಿ ಮೈಸೂರು ಸರ್ಕಾರ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರೆಂದು ನೇಮಿಸಿಕೊಂಡಿತು. ಬೆಂಗಳೂರಿಗೆ ಬಂದವರ ಮುಂದೆ ದೊಡ್ಡ ದೂರುಗಳೆರಡು: ಬಯಲುಸೀಮೆಯ ಜೋಳದ ಮಿಡತೆ, ಮಲೆನಾಡಿನ ಅಡಿಕೆ ಕೊಳೆ. ರೆಕ್ಕೆಯಿಲ್ಲದ ಆ ಮಿಡತೆಗೆ ವಿಜ್ಞಾನಿಗಳು ಕೊನೆಗೆ ಕೋಲ್ಮನ್‌ರ ಹೆಸರನ್ನೇ ಇಟ್ಟರು, ಕೋಲ್ಮೇನಿಯ ಎಂದು. ಕೊಳೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಪೂಸಾದ ಇಂಪೀರಿಯಲ್ ಸಂಸ್ಥೆಯ ಎಡ್ವಿನ್ ಬಟ್ಲರ್ 1906ರಲ್ಲಿ ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ ಬರೆಯುವಾಗ ಕೊಳೆಯ ಪ್ರಸ್ತಾಪ ಮಾಡಿದ್ದರು. ಆದರೆ ರೋಗಾಣುವನ್ನು ಹಿಡಿದು, ಬೇರೆಯಾಗಿ ಬೆಳೆಸಿ, ಆರೋಗ್ಯವಂತ ಕಾಯಿಗೆ ಅಂಟಿಸಿ, ಅದೇ ರೋಗ ಬರುವುದನ್ನು ತೋರಿಸುವ ಕೆಲಸ ಬಾಕಿ ಇತ್ತು.

ಕೋಲ್ಮನ್ ಅದನ್ನು ಮಾಡಿದರು. ಅವರ ವರದಿ 1910ರಲ್ಲಿ ಮೈಸೂರು ಕೃಷಿ ಇಲಾಖೆಯ ಶಿಲೀಂಧ್ರ ಮಾಲೆಯ 2ನೇ ಪುಸ್ತಿಕೆಯಾಗಿ ಹೊರಬಂತು. ಅದೇ ವರ್ಷ ಯುರೋಪಿನ ಶಿಲೀಂಧ್ರ ಪತ್ರಿಕೆಯಲ್ಲೂ ಅಚ್ಚಾಯಿತು. ರೋಗಾಣು ಫೈಟಾಫ್ತೊರಾ ಕುಲದ್ದು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಯನ್ನು ಸುಟ್ಟುಹಾಕಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದ ರೋಗಾಣುವಿನ ಹತ್ತಿರದ ನೆಂಟ. ಆ ಕುಲಕ್ಕೆ 1876ರಲ್ಲಿ ಹೆಸರಿಟ್ಟವರು ಜರ್ಮನಿಯ ಡಿ ಬೇರಿ. ಕೋಲ್ಮನ್ ಅಡಿಕೆಯ ರೋಗಾಣುವನ್ನು ಆಗ ಗೊತ್ತಿದ್ದ ಒಂದು ಪ್ರಭೇದದ ಉಪಬಗೆ ಎಂದು ಕರೆದು ‘ಅರೆಕೆ’ ಎಂಬ ಹೆಸರು ಕೊಟ್ಟರು. 1913ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿ ಅದಕ್ಕೆ ಸ್ವತಂತ್ರ ಪ್ರಭೇದವಾಗಿ ಬಡ್ತಿ ಕೊಟ್ಟರು.

ಈ ಜೀವಿಯ ಬದುಕು ವಿಚಿತ್ರ. ನೋಡಲು ಬೂಷ್ಟಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ. ಪಾಚಿಗಳ ಕಡೆಯ ಸಂಬಂಧ ಇದಕ್ಕೆ, ಕೋಶಗೋಡೆಯಲ್ಲಿ ಗಿಡಗಳಂತೆ ಸೆಲ್ಯುಲೋಸ್ ಇದೆ. ಸೋಂಕಿದ ಕಾಯಿಯ ಮೇಲೆ ನಿಂಬೆಯಾಕಾರದ ಸಣ್ಣ ಚೀಲಗಳು ಬೆಳೆಯುತ್ತವೆ. ನೀರು ಸೋಕಿದಾಗ ಚೀಲ ಒಡೆದು ಎರಡು ಎಳೆಬಾಲಗಳಿರುವ ಬೀಜಾಣುಗಳು ಹೊರಬಂದು ಈಜುತ್ತವೆ. ಈಜಿ, ಕಾಯಿಯ ಸಿಪ್ಪೆಯ ಮೇಲೆ ಕೂತು, ಮೊಳೆತು ಒಳಗೆ ನುಗ್ಗುತ್ತವೆ. ಕಾಯಿ ಒಣಗಿದ್ದರೆ ಈಜಲು ದಾರಿಯೇ ಇಲ್ಲ. 20ರಿಂದ 23 ಡಿಗ್ರಿ ಉಷ್ಣತೆ, ಗಾಳಿಯಲ್ಲಿ ಶೇ. 90ಕ್ಕಿಂತ ಹೆಚ್ಚು ತೇವ, ಬಿಟ್ಟು ಬಿಟ್ಟು ಬರುವ ಮಳೆ ಮತ್ತು ನಡುನಡುವೆ ಎಳೆಬಿಸಿಲು ಇದ್ದರೆ ಅದಕ್ಕೆ ಹಬ್ಬ. ಜುಲೈ ಆಗಸ್ಟಿನ ಸಿದ್ದಾಪುರಕ್ಕೆ ಬೇರೆ ವಿವರಣೆ ಬೇಡ. ಕರಡದ ಕೊಟ್ಟೆ ಯಾಕೆ ಕೆಲಸ ಮಾಡುತ್ತಿತ್ತು ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಅದು ಈಜುವವನ ನೀರನ್ನೇ ಕಸಿದುಕೊಳ್ಳುತ್ತಿತ್ತು.

ಕಾರಣ ತಿಳಿದ ಮೇಲೆ ಮದ್ದಿನ ಮಾತು. ಮದ್ದು ಫ್ರಾನ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಬೋರ್ಡೋ ಊರಿನ ಹತ್ತಿರದ ದ್ರಾಕ್ಷಿ ತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೋಡಲು ವಿಷದಂತೆ ಕಾಣಲಿ ಎಂಬುದಷ್ಟೇ ಉದ್ದೇಶ. 1882ರಲ್ಲಿ ಪಿಯರ್ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ನಡೆಯುತ್ತ, ಎರಚಿದ ಬಳ್ಳಿಗಳ ಎಲೆ ಮಾತ್ರ ರೋಗವಿಲ್ಲದೆ ನಿಂತಿರುವುದನ್ನು ಗಮನಿಸಿದರು. ರಸಾಯನವಿಜ್ಞಾನಿ ಗಾಯೋನ್ ಜೊತೆ ಸೇರಿ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಮಾಡಿದ್ದು ರೋಗಕ್ಕೆ ಹತ್ತಿತು.

ದ್ರಾಕ್ಷಿ ಬಳ್ಳಿ ಎದೆಯೆತ್ತರ. ಅಡಿಕೆ ಮರ ನಲವತ್ತು ಐವತ್ತು ಅಡಿ. ಬೋರ್ಡೋದಲ್ಲಿ ಸುರಿಯುವ ಮಳೆಗೂ ಘಟ್ಟದ ಮಳೆಗೂ ಹೋಲಿಕೆಯೇ ಇಲ್ಲ. ಶಿರಸಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 2500 ಮಿಲಿಮೀಟರಿನಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬರುತ್ತದೆ. ಹಾಗಾಗಿ ಕೋಲ್ಮನ್‌ಗೆ ಎದುರಾದದ್ದು ಯಾವ ಮದ್ದು ಎಂಬ ಪ್ರಶ್ನೆಗಿಂತ ಅದನ್ನು ಮೇಲಕ್ಕೆ ಒಯ್ಯುವುದು ಹೇಗೆ, ತೊಳೆದುಹೋಗದಂತೆ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ. ಅಂಟಿಕೊಳ್ಳಲೆಂದು ರಾಳ ಮತ್ತು ಸೋಡಾ ಕುದಿಸಿ ಸೇರಿಸಿದರು. ಮೇಲೆ ಒಯ್ಯುವ ಕೆಲಸಕ್ಕೆ ಮತ್ತೆ ಆ ಕೊನೆಗೌಡನೇ ಬೇಕಾಯಿತು. ಮುಂಚೆ ಕೊಟ್ಟೆ ಹಿಡಿದು ಹತ್ತುತ್ತಿದ್ದವನು ಈಗ ಕೊಳವೆ ಹಿಡಿದು ಹತ್ತಿದ. ಕೆಳಗೆ ಒಬ್ಬ ಕೈಪಂಪು ಒತ್ತುವುದು, ಇನ್ನೊಬ್ಬ ಮದ್ದು ಕಲಸುವುದು. ಮಲೆನಾಡಿನ ಮಳೆಗಾಲದ ದಿನಚರಿಗೆ ಹೊಸದೊಂದು ಕೆಲಸ ಸೇರಿತು. ಪುಸ್ತಿಕೆಯನ್ನು ಬರೆದ ವಿಜ್ಞಾನಿಯಷ್ಟೇ ಶ್ರೇಯಸ್ಸು, ಜಾರುವ ಮರದ ತುದಿಯಲ್ಲಿ ಕೂತು ಒಂದೊಂದು ಕೊನೆಯನ್ನೂ ಒಳಗೆ ಹೊರಗೆ ನೆನೆಸಿದವನಿಗೂ ಸಲ್ಲಬೇಕು. ಅವನ ಹೆಸರು ಯಾವ ಪುಸ್ತಿಕೆಯಲ್ಲೂ ಬರಲಿಲ್ಲ.

ದ್ರಾವಣ ಮಾಡುವ ಕ್ರಮವನ್ನು ಇಂದಿಗೂ ಯಲ್ಲಾಪುರದ ಯಾವ ತೋಟದ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. 1 ಕಿಲೊ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೊ ಒಳ್ಳೆಯ ಸುಣ್ಣ ಇನ್ನೊಂದು 50 ಲೀಟರಿಗೆ. ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಸುಣ್ಣ ಸಾಕಾಯಿತೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಇನ್ನೂ ಬೇಕು. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವ ಈ ಕ್ರಿಯೆ ಶಾಲೆಯ ರಸಾಯನಶಾಸ್ತ್ರದ್ದು. ಹಾಗೆ ಬಿಡಿಯಾಗಿ ಉಳಿದ ತಾಮ್ರವೇ ಎಳೆಯ ಕಾಯಿಯನ್ನೂ ಸುಡುತ್ತದೆ. ಸುಣ್ಣ ಸರಿಯಾಗಿ ಬಿದ್ದಾಗ ನೀಲಿ ತಾಮ್ರ ನೀರಿನಲ್ಲಿ ಕರಗದ ಪುಡಿಯಾಗಿ ಕಾಯಿಯ ಮೇಲೆ ಪೊರೆ ಕಟ್ಟುತ್ತದೆ, ಮುಂದೆ ತೇವ ತಗಲಿದಾಗಲೆಲ್ಲ ಚೂರು ಚೂರೇ ತಾಮ್ರ ಬಿಟ್ಟುಕೊಡುತ್ತದೆ. ಈಜಿ ಬಂದ ಬೀಜಾಣು ಅಲ್ಲೇ ಸಾಯುತ್ತದೆ.

ಇದರರ್ಥ, ಒಳಗೆ ನುಗ್ಗಿದ ಮೇಲೆ ಈ ಮದ್ದು ನಿಷ್ಪ್ರಯೋಜಕ. ಮುಂಗಾರು ಹಿಡಿಯುವ ಮೊದಲೇ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಎರಡನೆಯ ಸಲದ್ದೇ ಕಷ್ಟ. ಪುಷ್ಯ, ಆಶ್ಲೇಷ ಮಳೆಗಳ ನಡುವೆ ಒಂದು ದಿನದ ಹೊಳವು ಸಿಗುವುದು ಪುಣ್ಯ. ಆ ದಿನ ಊರಿನ ಎಲ್ಲರಿಗೂ ಅದೇ ಕೊನೆಗೌಡ ಬೇಕು. ಕೊಳೆ ಬಂದ ವರ್ಷಗಳ ಲೆಕ್ಕ ತೆಗೆದರೆ ಬಹುಪಾಲು ಸೋಲು ಮದ್ದಿನದಲ್ಲ, ಆ ಒಂದು ದಿನ ಕೈತಪ್ಪಿದ್ದರದ್ದು.

ಕೋಲ್ಮನ್ ಮುಂದೆ ಕೊಳೆಯೊಂದನ್ನೇ ಹಿಡಿದು ಕೂರಲಿಲ್ಲ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. 1917ರಲ್ಲಿ ಗಂಧದ ಮರದ ಸ್ಪೈಕ್ ರೋಗದ ಬಗ್ಗೆ ಬರೆದರು. ರೋಗದ ಮರದ ಕಡ್ಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿದರೆ ರೋಗ ದಾಟುತ್ತದೆ ಎಂದು ತೋರಿಸಿದ್ದು ಈ ಕೆಲಸದಲ್ಲೇ. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದಿದ್ದರೂ ಅಂಟುವ ಏನೋ ಒಂದು ಇದೆ ಎಂದು ಹೇಳಲು ಧೈರ್ಯ ಬೇಕು. ಅದು ಕೋಶಗೋಡೆಯಿಲ್ಲದ, ಬ್ಯಾಕ್ಟೀರಿಯಾದಂಥ ಜೀವಿ ಎಂದು ಹೊಳೆದದ್ದು ಅರ್ಧ ಶತಮಾನ ಕಳೆದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದುದರಲ್ಲೂ ಅವರ ಕೈಯಿದೆ. ಮಂಡ್ಯದ ಕಬ್ಬಿನ ಕಥೆಯಲ್ಲೂ ಅವರ ಹೆಸರು ಬರುತ್ತದೆ, ಆದರೆ ಅದು ಬೇರೆ ಸೀಮೆಯ ಕಥೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಹೋದರು. ಅರವತ್ತು ದಾಟಿದ ಮೇಲೆ ವಿಶ್ರಾಂತಿ ತೆಗೆದುಕೊಳ್ಳದೆ ವರ್ಣತಂತುಗಳ ಅಧ್ಯಯನಕ್ಕೆ ಕೂತರು. 1943ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಮಿಡತೆ ವಂಶದ ವರ್ಣತಂತುಗಳ ಬಗ್ಗೆ ಅವರ ಪ್ರಬಂಧ ಬಂತು. ಮೈಸೂರಿಗೆ ಬಂದ ಹೊಸದರಲ್ಲಿ ಬೆನ್ನಟ್ಟಿದ್ದ ಕೀಟಗಳ ಬಳಗವನ್ನೇ ಮುಪ್ಪಿನಲ್ಲಿ ಮಸೂರದಡಿ ಇಟ್ಟುಕೊಂಡಂತಾಯಿತು. 1954ರಲ್ಲಿ ತೀರಿಕೊಂಡರು.

ಅವರ ಕೈಕೆಳಗೆ ಪಳಗಿದ ಇಲಾಖೆಯಲ್ಲಿ ಕೊಳೆಯ ಕೆಲಸ ಮುಂದುವರಿಸಿದವರು ಎಂ. ಜೆ. ನರಸಿಂಹನ್. ಕೆಲವು ಫೈಟಾಫ್ತೊರಾಗಳಲ್ಲಿ ಎರಡು ಬೇರೆ ಬೇರೆ ತಳಿಗಳು ಕೂಡಿದಾಗಲೇ ಗಟ್ಟಿಗೋಡೆಯ ಲೈಂಗಿಕ ಬೀಜಾಣು ಹುಟ್ಟುತ್ತದೆ ಎಂಬುದನ್ನು 1930ರಲ್ಲಿ ಅವರು ಪ್ರಕಟಿಸಿದರು. ಈ ಬಗೆಯ ಬೀಜಾಣು ಪ್ರತಿಕೂಲ ಕಾಲವನ್ನು ದಾಟಬಲ್ಲದು. ಆದ್ದರಿಂದ ಒಂದು ತೋಟದಲ್ಲಿ ಒಂದೇ ತಳಿ ಇದೆಯೋ ಎರಡೂ ಇವೆಯೋ ಎಂಬುದು ಪಂಡಿತರ ಚರ್ಚೆಯಷ್ಟೇ ಅಲ್ಲ, ಬೇಸಿಗೆ ಕಳೆದು ರೋಗ ಮತ್ತೆ ಎಲ್ಲಿಂದ ಏಳುತ್ತದೆ ಎಂಬುದಕ್ಕೂ ಸಂಬಂಧಿಸಿದ್ದು.

ಇತ್ತ ಶಿರಸಿ ಸೀಮೆಯಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಬೆಳೆ ಬರುವ ಮೊದಲೇ ಸಾಲ ಕೊಟ್ಟು, ಬಂದ ಮೇಲೆ ತಮ್ಮ ದರಕ್ಕೆ ಒಯ್ಯುವ ದಲಾಲರ ಹಿಡಿತದಿಂದ ಹೊರಬರಲು ಬೆಳೆಗಾರರು ಕಟ್ಟಿಕೊಂಡ ಸಂಸ್ಥೆ. ಇದನ್ನು ಕೊಳೆಯ ಇತಿಹಾಸದೊಳಗೆ ಯಾಕೆ ತರುತ್ತೇನೆಂದರೆ, ಬೋರ್ಡೋ ಮದ್ದಿಗೆ ಬೇಕಾದ ಮೈಲುತುತ್ತ ಕಾಡಿನಲ್ಲಿ ಸಿಗುವ ಕರಡವಲ್ಲ. ಮೇ ತಿಂಗಳಲ್ಲಿ, ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ, ಪೇಟೆಯಿಂದ ಕೊಳ್ಳಬೇಕು. ವಿಜ್ಞಾನದ ಸಲಹೆ ಮನೆಬಾಗಿಲಿಗೆ ಬಂದರೂ ಸಾಲದ ದಾರಿ ಸರಿಯಿಲ್ಲದೆ ಅದು ಒಳಗೆ ಬರುವುದಿಲ್ಲ. ಪಂಪು ಬಂದ ಮೇಲೂ ಈ ಭಾಗದಲ್ಲಿ ಕೊಟ್ಟೆ ಪೂರ್ತಿ ಹೋಗಲಿಲ್ಲ. ಕರಡದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಅಷ್ಟೇ.

1956ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ ಸಿದ್ದಾಪುರಕ್ಕೂ ಸಾಗರಕ್ಕೂ ಒಂದೇ ಸರ್ಕಾರವಾಯಿತು. ಅದೇ ವರ್ಷ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಯಿತು. 1980ರ ದಶಕದಲ್ಲಿ ಧಾರವಾಡದ ಕಡೆಯ ಸಸ್ಯರೋಗ ತಜ್ಞರಾದ ಎಂ. ಎನ್. ಎಲ್. ಶಾಸ್ತ್ರಿ ಮತ್ತು ಆರ್. ಕೆ. ಹೆಗಡೆ ಶಿರಸಿ ಭಾಗದ ತೋಟಗಳಿಂದಲೇ ಫೈಟಾಫ್ತೊರಾ ಮಾದರಿಗಳನ್ನು ತೆಗೆದು ಅವುಗಳ ಗುರುತು ಪತ್ತೆಗೆ ಇಳಿದರು. ಕೋಲ್ಮನ್ ಇಟ್ಟ ಹೆಸರು ಆಮೇಲೆ ಬಹಳ ಕಾಲ ಉಳಿಯಲಿಲ್ಲ. ಇಂದು ಅಡಿಕೆ ಕೊಳೆಗೆ ಮುಖ್ಯವಾಗಿ ಫೈಟಾಫ್ತೊರಾ ಮೀಡಿಯೈ ಕಾರಣ ಎನ್ನುತ್ತಾರೆ, ವಂಶವಾಹಿ ಪರೀಕ್ಷೆಯೂ ಅದನ್ನೇ ಹೇಳುತ್ತದೆ. ಅದೇ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಬುಡದಿಂದ ಕೊಲ್ಲುವುದು ಇದೇ ಕುಲದ ಇನ್ನೊಂದು ಪ್ರಭೇದ, ಕ್ಯಾಪ್ಸಿಸಿ. ಒಂದೇ ಮರದ ಮೇಲೆ ಒಂದು ದಾಯಾದಿ, ಕೆಳಗೆ ಇನ್ನೊಂದು. ಹೆಸರು ಬದಲಾದರೂ 1910ರಲ್ಲಿ ಹೇಳಿದ ಮದ್ದು ಬದಲಾಗಿಲ್ಲ. ನೂರಕ್ಕೂ ಹೆಚ್ಚು ವರ್ಷ ತಾಮ್ರಕ್ಕೆ ಈ ಜೀವಿ ಸೋತೇ ಇದೆ. ಹೊಸ ಶಿಲೀಂಧ್ರನಾಶಕಗಳು ಕೆಲವೇ ವರ್ಷಗಳಲ್ಲಿ ಮೊಂಡಾಗುವುದನ್ನು ನೋಡಿದವರಿಗೆ ಇದು ಆಶ್ಚರ್ಯ. ಇದಕ್ಕೆ ಬೆಲೆಯೂ ಇದೆ. ಹೊಡೆದ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಮಳೆಯಲ್ಲಿ ಇಳಿದು ತೋಟದ ಮಣ್ಣಿನ ಮೇಲ್ಪದರದಲ್ಲಿ ಕೂರುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣ ಅದಕ್ಕೆ ಅಲ್ಲಿಯೂ ಇರುತ್ತದೆ. ಕೊಟ್ಟಿಗೆ ಗೊಬ್ಬರವನ್ನು ನೈಟ್ರೇಟ್ ಮಾಡುವ, ಕೋಲ್ಮನ್ ಗಾಟಿಂಗನ್‌ನಲ್ಲಿ ಅಧ್ಯಯನ ಮಾಡಿದ ಬ್ಯಾಕ್ಟೀರಿಯಾಗಳು ಇರುವುದೂ ಅದೇ ಮಣ್ಣಿನಲ್ಲಿ. ತಲೆಮಾರುಗಳ ಮದ್ದು ಬಿದ್ದ ತೋಟಗಳಲ್ಲಿ ಅವುಗಳ ಸ್ಥಿತಿ ಏನು ಎಂಬುದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರಬೇಕಾದ ಅಂಶ ಎಂದು ನನ್ನ ಮತ.

ಈಗ ಮರ ಹತ್ತುವವರು ವಿರಳ. ಕಾರ್ಬನ್ ಫೈಬರಿನ ಉದ್ದ ದೋಟಿಗೆ ಕೊಳವೆ ಕಟ್ಟಿ ನೆಲದಲ್ಲಿ ನಿಂತೇ ಮದ್ದು ಹೊಡೆಯುವುದು ಮೂರೂ ತಾಲೂಕುಗಳಲ್ಲಿ ಹೆಚ್ಚುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅದು ಕೊಲೆಟೊಟ್ರೈಕಂ ಮೊದಲಾದ ನಿಜ ಶಿಲೀಂಧ್ರಗಳ ಕೆಲಸ, ಕಾಯಿಗಿಂತ ಮೊದಲು ಸೋಗೆಯನ್ನು ತಿನ್ನುತ್ತದೆ. ಸೋಗೆಗೆ ಕೊಟ್ಟೆ ಕಟ್ಟಲಾಗದು. ಕಾಸರಗೋಡು, ವಿಟ್ಲಗಳ ವಿಜ್ಞಾನಿಗಳು ಸೋಂಕಿದ ಸೋಗೆಯ ತುಂಡುಗಳಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ, ಯಾವ ಮದ್ದು ಯಾವ ತಿಂಗಳಲ್ಲಿ ಹೊಡೆಯಬೇಕು ಎಂಬುದನ್ನು ತೋಟಗಳಲ್ಲಿ ಪರೀಕ್ಷಿಸುತ್ತಿದ್ದಾರೆ.